ಕಾಲಿನ ಹುಣ್ಣಿಗೆ ಗ್ರೋತ್ ಫ್ಯಾಕ್ಟರ್ ಜೆಲ್ ಹಚ್ಚುವ ಮೊದಲು ರಕ್ತನಾಳ ಪರೀಕ್ಷೆ ಮಾಡಿಸಿ

ಸಕ್ಕರೆ ಕಾಯಿಲೆಯವರ ಪಾದದ ಹುಣ್ಣಿಗೆ ಯಾರಾದರೂ ಗ್ರೋತ್ ಫ್ಯಾಕ್ಟರ್ (ಜೀವಕೋಶಗಳ ಬೆಳವಣಿಗೆಗೆ ಕರೆ ಕೊಡುವ ಪ್ರೋಟೀನ್) ಜೆಲ್ ಬರೆದುಕೊಟ್ಟರೆ, ಕಾಲಿಗೆ ರಕ್ತ ಸರಿಯಾಗಿ ಹರಿಯುತ್ತಿದೆಯೇ ಎಂದು ಪರೀಕ್ಷಿಸಿದ್ದಾರೆಯೇ ಕೇಳಿ. ನಮ್ಮ ದೊಡ್ಡಪ್ಪನಿಗೆ ಚಿಕಿತ್ಸೆ ಕೊಟ್ಟ ಖಾಸಗಿ ಕ್ಲಿನಿಕ್ಕಿನವರು ಅದನ್ನು ನೋಡಲೇ ಇಲ್ಲ. ದುಬಾರಿ ಟ್ಯೂಬುಗಳನ್ನು ಒಂದರ ಮೇಲೊಂದು ತರಿಸಿದರು. ಹೊಸ ಮಾಂಸ ಬರುತ್ತದೆ, ಕಾಯಿರಿ ಎಂದರು. ಹೆಬ್ಬೆರಳು ಕಪ್ಪಾದಾಗ ಬೇರೆ ಆಸ್ಪತ್ರೆಗೆ ಕರೆದೊಯ್ದೆವು. ರಕ್ತದ ಹರಿವನ್ನು ಧ್ವನಿತರಂಗಗಳಿಂದ ನೋಡುವ ಡಾಪ್ಲರ್ ಪರೀಕ್ಷೆಯಲ್ಲಿ ಮೊಣಕಾಲಿನ ಕೆಳಗಿನ ರಕ್ತನಾಳ ಕಟ್ಟಿಕೊಂಡಿರುವುದು ಕಂಡಿತು. ಬೆರಳನ್ನು ತೆಗೆಯಬೇಕಾಯಿತು.

ಜೆಲ್ ಸುಳ್ಳು ಔಷಧವಲ್ಲ, ಅದಕ್ಕೇ ನನಗೆ ಹೆಚ್ಚು ಸಿಟ್ಟು. ಅದರಲ್ಲಿದ್ದದ್ದು ಪಿಡಿಜಿಎಫ್ (ಪ್ಲೇಟ್‌ಲೆಟ್‌ನಿಂದ ಬರುವ ಗ್ರೋತ್ ಫ್ಯಾಕ್ಟರ್) ಕುಟುಂಬದ ಪ್ರೋಟೀನ್. ರಕ್ತ ಹೆಪ್ಪುಗಟ್ಟಿಸುವ ಸಣ್ಣ ಕಣಗಳಾದ ಪ್ಲೇಟ್‌ಲೆಟ್‌ಗಳು ಗಾಯವಾದೊಡನೆ ಸುರಿಸುವುದೂ ಇದನ್ನೇ. ಈ ಕುಟುಂಬದಲ್ಲಿ ಎ, ಬಿ, ಸಿ, ಡಿ ಎಂಬ ನಾಲ್ಕು ಬಗೆಯ ಪ್ರೋಟೀನ್ ಸರಪಳಿಗಳಿವೆ; ಎರಡೆರಡು ಸರಪಳಿಗಳು ಗಂಧಕದ ಬಂಧಗಳಿಂದ ಬೆಸೆದುಕೊಂಡು ಜೋಡಿಯಾಗುತ್ತವೆ. ಜೆಲ್ಲಿನಲ್ಲಿರುವುದು ಎರಡು ಬಿ ಸರಪಳಿಗಳ ಜೋಡಿ. ಜೋಡಿಯಾಗಿರುವುದರಿಂದಲೇ ಅದು ಜೀವಕೋಶದ ಮೇಲೆ ಸಂದೇಶ ಹಿಡಿಯುವ ಎರಡು ರಿಸೆಪ್ಟರುಗಳನ್ನು ಒಟ್ಟಿಗೆ ಹಿಡಿದು ಹತ್ತಿರಕ್ಕೆ ಎಳೆಯಬಲ್ಲದು. ಆಗ ಅವುಗಳ ಒಳತುದಿಗಳು ಒಂದನ್ನೊಂದು ಚುರುಕುಗೊಳಿಸುತ್ತವೆ, ಬಾ, ವಿಭಜಿಸು ಎಂಬ ಸಂದೇಶ ಕೋಶದೊಳಗೆ ಹೋಗುತ್ತದೆ. ಗಾಯ ತುಂಬುವ ಫೈಬ್ರೋಬ್ಲಾಸ್ಟ್ ಕೋಶಗಳೂ, ಹೊಸ ಲೋಮನಾಳಗಳಿಗೆ ಆಸರೆಯಾಗುವ ಕೋಶಗಳೂ ಈ ಕರೆಗೆ ಬರುತ್ತವೆ. ಭ್ರೂಣದಲ್ಲಿ ರಕ್ತನಾಳ, ಮೂತ್ರಪಿಂಡಗಳು ರೂಪುಗೊಳ್ಳಲೂ ಇದು ಬೇಕು.

ಆದರೆ ಕರೆ ಕೇಳಲು ಕೋಶ ಬದುಕಿರಬೇಕು, ಅದಕ್ಕೆ ಆಮ್ಲಜನಕ ತಲುಪಬೇಕು. ಅಮೆರಿಕದಲ್ಲಿ 1997ರಲ್ಲಿ ಈ ಜೆಲ್‌ಗೆ ಅನುಮತಿ ಸಿಕ್ಕಿದ್ದೇ ಸಾಕಷ್ಟು ರಕ್ತಪೂರೈಕೆ ಇರುವ ಹುಣ್ಣುಗಳಿಗೆ, ಅದೂ ಸತ್ತ ಮಾಂಸ ಕೆರೆದು ತೆಗೆಯುವುದು, ಸೋಂಕು ತಡೆಯುವುದು, ಪಾದದ ಮೇಲಿನ ಭಾರ ತಪ್ಪಿಸುವುದು ಇವೆಲ್ಲದರ ಜೊತೆಗೆ. 10 ವಾರಗಳಲ್ಲಿ ಹುಣ್ಣು ಸುಮಾರು ಶೇ. 30ರಷ್ಟೂ ಕುಗ್ಗದಿದ್ದರೆ ಚಿಕಿತ್ಸೆಯನ್ನು ಮರುಪರಿಶೀಲಿಸಬೇಕೆಂದು ಅಲ್ಲಿನ ಬಳಕೆ ಸೂಚನೆಯಲ್ಲೇ ಇದೆ. ಹಚ್ಚುವ ಜಾಗದಲ್ಲಿ ಕ್ಯಾನ್ಸರ್ ಇದ್ದರಂತೂ ಬಳಸಲೇಬಾರದು, ವಿಭಜಿಸು ಎಂಬ ಕರೆ ಗಡ್ಡೆಯ ಕೋಶಗಳಿಗೂ ತಲುಪಬಹುದು: ಕೋತಿಗಳಲ್ಲಿ ಗಡ್ಡೆ ತರಿಸುವ ಒಂದು ವೈರಸ್ಸಿನ ಜೀನ್ ಇದೇ ಬಿ ಸರಪಳಿಯ ಸಮೀಪದ ನೆಂಟ ಎಂಬುದು 1983ರಲ್ಲೇ ತಿಳಿದಿತ್ತು.

ಇನ್ನೊಂದು ವಿಷಯ. ಜೆಲ್ಲನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು; ನಮಗೆ ಕೊಟ್ಟ ಟ್ಯೂಬುಗಳು ಕ್ಲಿನಿಕ್ಕಿನ ತೆರೆದ ಕಪಾಟಿನಲ್ಲಿದ್ದವು. ಪಾದ ತಣ್ಣಗಿದ್ದರೆ, ನಡೆಯುವಾಗ ಮೀನಖಂಡ ನೋಯುತ್ತಿದ್ದರೆ, ಕಣಕಾಲಿನ ರಕ್ತದೊತ್ತಡವನ್ನು ತೋಳಿನದರೊಂದಿಗೆ ಹೋಲಿಸುವ ಪರೀಕ್ಷೆಯನ್ನು ಕೇಳಿ ಮಾಡಿಸಿ. ಅದರಲ್ಲಿ ನೋವಿಲ್ಲ. ಆದರೆ ಸಕ್ಕರೆ ಕಾಯಿಲೆಯಲ್ಲಿ ರಕ್ತನಾಳ ಗಡುಸಾಗಿ ಅಂಕಿ ಸರಿಯಿರುವಂತೆ ತೋರಬಹುದು. ಹುಣ್ಣು ಮಾಯದೇ ಇದ್ದರೆ ಡಾಪ್ಲರನ್ನೂ ಮಾಡಿಸಿ.