ಬೆಲ್ಲದ ಮಂಡಿಗೆ ಲಾಗಿನ್ ಪುಟ: ಜಾಂಗೋ ಬಳಸಿ ನೋಡಿದೆ

ಹತ್ತು ವರ್ಷದಿಂದ ಪಿಎಚ್‌ಪಿ ಭಾಷೆಯಲ್ಲಿ ವೆಬ್‌ಸೈಟ್ ಬರೆದುಕೊಂಡು ಇದ್ದವನು ನಾನು. ಮಂಡ್ಯದಲ್ಲಿ ನಮ್ಮ ಮಾವನದು ಬೆಲ್ಲದ ಮಂಡಿ. ಆಲೆಮನೆಯವರು ತಾವು ತಂದ ಬೆಲ್ಲಕ್ಕೆ ಏನು ರೇಟು ಬಿತ್ತು, ದುಡ್ಡು ಎಷ್ಟು ಬಾಕಿ ಅಂತ ದಿನಾ ಫೋನ್ ಮಾಡಿ ತಲೆ ತಿನ್ನುತ್ತಾರೆ, ಅವರೇ ನೋಡಿಕೊಳ್ಳೋ ಹಾಗೆ ಒಂದು ಸೈಟ್ ಮಾಡಿಕೊಡು ಅಂದರು. ಹೊಸದೇನಾದರೂ ಕಲಿಯೋಣ ಅಂತ ಜಾಂಗೋ ಹಿಡಿದೆ, ಪೈಥಾನ್ ಭಾಷೆಯಲ್ಲಿ ವೆಬ್‌ಸೈಟ್ ಕಟ್ಟಲು ಇರುವ ಸಿದ್ಧ ಚೌಕಟ್ಟು ಅದು. ಅಮೆರಿಕದ ಕ್ಯಾನ್ಸಸ್‌ನ ಒಂದು ಪತ್ರಿಕೆಯ ಕಚೇರಿಯಲ್ಲಿ ಹುಟ್ಟಿ, 2005ರಲ್ಲಿ ಎಲ್ಲರಿಗೂ ಪುಕ್ಕಟೆ ಸಿಕ್ಕಿದ್ದು ಇದು. ಹೆಸರು ಗಿಟಾರ್ ವಾದಕ ಜಾಂಗೋ ರೈನ್‌ಹಾರ್ಟ್‌ನದು.

ಶುರುವಿನಲ್ಲಿ ಖುಷಿಯೋ ಖುಷಿ. ಮೈಗ್ರೇಟ್ ಅಂತ ಒಂದು ಕಮ್ಯಾಂಡ್ ಕೊಟ್ಟರೆ ಬಳಕೆದಾರರ ಟೇಬಲ್, ಸೆಷನ್ (ಯಾರು ಲಾಗಿನ್ ಆಗಿದ್ದಾರೆ ಅನ್ನೋ ನೆನಪು) ಟೇಬಲ್ ಎಲ್ಲ ಎಸ್‌ಕ್ಯೂಲೈಟ್ ಅನ್ನೋ ಡೇಟಾಬೇಸ್ ಫೈಲಿನಲ್ಲಿ ತಾನೇ ಎದ್ದು ನಿಲ್ಲುತ್ತವೆ, ಅಡ್ಮಿನ್ ಪುಟವೂ ರೆಡಿ. ಪಿಎಚ್‌ಪಿಯಲ್ಲಿ ನಾನು ಇದನ್ನೆಲ್ಲ ಕೈಯಾರೆ ಕಟ್ಟುತ್ತಿದ್ದೆ, ಹಳೇ ಒಂದು ಸೈಟಿನಲ್ಲಿ ಪಾಸ್‌ವರ್ಡನ್ನು ಬರೀ ಎಂಡಿ5 ಅನ್ನೋ ಹಳೇ ದುರ್ಬಲ ವಿಧಾನದಲ್ಲಿ ಅರೆದು ಇಟ್ಟಿದ್ದೇನೆ, ಈಗ ನೆನೆಸಿಕೊಂಡರೆ ನಾಚಿಕೆ ಆಗುತ್ತದೆ.

ಎಡವಿದ್ದು ಎಲ್ಲಿ ಅಂದರೆ ಯೂಸರ್ ಮಾಡೆಲ್‌ನಲ್ಲಿ, ಅಂದರೆ ಬಳಕೆದಾರರ ಬಗ್ಗೆ ಏನೇನು ಇಟ್ಟುಕೊಳ್ಳಬೇಕು ಅನ್ನೋ ನಕ್ಷೆಯಲ್ಲಿ. ನಮ್ಮ ರೈತರಿಗೆ ಯೂಸರ್‌ನೇಮ್ ಯಾಕೆ, ಫೋನ್ ನಂಬರ್ ಸಾಕು ಅಲ್ವಾ? ಹೊಸ ಪ್ರಾಜೆಕ್ಟ್ ಆದರೆ ಮೊದಲ ಮೈಗ್ರೇಟ್‌ಗೆ ಮುಂಚೆಯೇ ನಿಮ್ಮದೇ ಯೂಸರ್ ಮಾಡೆಲ್ ಇಟ್ಟುಕೊಳ್ಳಿ ಅಂತ ಅವರ ಕೈಪಿಡಿಯಲ್ಲೇ ಬರೆದಿದೆ. ನಾನು ಓದಿದ್ದು ಮೂರನೇ ದಿನ. ಆಮೇಲೆ ಬದಲಾಯಿಸಲು ಹೋದೆ ನೋಡಿ, ಮೈಗ್ರೇಷನ್‌ಗಳ (ಟೇಬಲ್ ಬದಲಾಯಿಸುವ ಹೆಜ್ಜೆಗಳ) ಹಿಂದುಮುಂದು ಸರಿಯಿಲ್ಲ ಅಂತ ಕೆಂಪು ಅಕ್ಷರದ ಸಾಲುಗಳು. ಡೇಟಾಬೇಸ್ ಫೈಲನ್ನೇ ಅಳಿಸಿ ಮತ್ತೆ ಶುರು ಮಾಡಿದೆ. ಯೂಸರ್‌ನೇಮ್ ತೆಗೆದು ಹಾಕಿದ ಮೇಲೆ ಸೂಪರ್‌ಯೂಸರ್ (ಎಲ್ಲ ಅಧಿಕಾರ ಇರುವ ಬಳಕೆದಾರ) ಮಾಡುವ ಕಮ್ಯಾಂಡೂ ಕೈಕೊಟ್ಟಿತು, ಅದಕ್ಕೊಂದು ಮ್ಯಾನೇಜರ್ ಕ್ಲಾಸ್ (ಬಳಕೆದಾರರನ್ನು ಸೃಷ್ಟಿಸುವ ಕೋಡ್) ನಾವೇ ಬರೆಯಬೇಕು. ಗೆಳೆಯನಿಗೆ ಹೇಳಿದರೆ, "ಸುಮ್ನೆ ಯೂಸರ್‌ನೇಮ್ ಜಾಗದಲ್ಲೇ ಫೋನ್ ನಂಬರ್ ಹಾಕೋದಲ್ವೇನೋ" ಅಂದ. ಎರಡು ದಿನದ ನಿದ್ದೆ ಹೋಯಿತು.

ಇನ್ನೊಂದು ಪಂಚಾಯಿತಿ ಪಾಸ್‌ವರ್ಡ್‌ದು. ಮಾವನಿಗೆ ಎಟಿಎಂ ಥರ ನಾಲ್ಕು ಅಂಕಿ ಸಾಕು. ಜಾಂಗೋ ಎಂಟಕ್ಕಿಂತ ಕಡಿಮೆ ಒಪ್ಪಲ್ಲ, ಬರೀ ಅಂಕಿ ಇದ್ದರೂ ಒಪ್ಪಲ್ಲ. ಸೆಟಿಂಗ್ಸ್‌ನಲ್ಲಿ ಆ ನಿಯಮಗಳ ಸಾಲು ತೆಗೆದರೆ ಒಪ್ಪುತ್ತದೆ, ದುಡ್ಡಿನ ಲೆಕ್ಕ ಇರುವ ಕಡೆ ತೆಗೆಯಲು ನನಗೆ ಮನಸ್ಸಾಗಲಿಲ್ಲ. ಮೊದಲ ವಾರವೇ ಒಬ್ಬರು ಮರೆತರು. ಮಾವ ಫೋನ್ ಮಾಡಿ, "ಅವ್ನ ಪಾಸ್‌ವರ್ಡ್ ಏನು ಅಂತ ಒಸಿ ನೋಡಿ ಹೇಳ್ಲಾ" ಅಂದರು. ನನಗೂ ಕಾಣಲ್ಲ ಮಾವ, ಸಾಲ್ಟ್ ಅಂತ ಒಂದಿಷ್ಟು ಅಡ್ಡಾದಿಡ್ಡಿ ಅಕ್ಷರ ಸೇರಿಸಿ ಲಕ್ಷಗಟ್ಟಲೆ ಸಲ ಅರೆದು ಇಟ್ಟಿರುತ್ತದೆ, ಗಾಣಕ್ಕೆ ಕೊಟ್ಟ ಕಬ್ಬು ವಾಪಸ್ ಬರುತ್ತಾ ಅಂದೆ. "ಮತ್ತೆ ನೀನೆಂಥ ಇಂಜಿನಿಯರ್ರು" ಅಂತ ಇಟ್ಟೇಬಿಟ್ಟರು.

ಮರೆತವರಿಗೆ ಅಂತ ಜಾಂಗೋದಲ್ಲೇ ರೆಡಿ ವ್ಯವಸ್ಥೆ ಇದೆ, ಆದರೆ ಅದು ಇಮೇಲ್‌ಗೆ ಲಿಂಕ್ ಕಳಿಸುತ್ತದೆ. ಆಲೆಮನೆಯವರ ಹತ್ತಿರ ಇಮೇಲ್ ಎಲ್ಲಿಂದ ಬರಬೇಕು? ಒಟಿಪಿ ಬೇಕಂದರೆ ಎಸ್‌ಎಂಎಸ್ ಸೇವೆ ಬೇರೆ ಕೊಂಡು ಜೋಡಿಸಬೇಕು. ಸದ್ಯಕ್ಕೆ ಮಂಡಿಯ ಗುಮಾಸ್ತರಿಗೆ ಅಡ್ಮಿನ್ ಪುಟದಲ್ಲಿ ಹೊಸ ಪಾಸ್‌ವರ್ಡ್ ಹಾಕಿಕೊಡೋದನ್ನು ಕಲಿಸಿದ್ದೇನೆ, ನನಗಿಂತ ಬೇಗ ಮಾಡುತ್ತಾರೆ.

ಹೊಸಬರಿಗೆ ಒಂದು ಮಾತು. ಹಳೇ ಪಾಠ ನೋಡಿ ಲಾಗೌಟ್‌ಗೆ ಬರೀ ಲಿಂಕ್ ಕೊಡಬೇಡಿ. ಜಾಂಗೋ 5.0 ಆವೃತ್ತಿಯಿಂದ ಅದು ನಡೆಯಲ್ಲ, ಪುಟ್ಟದೊಂದು ಫಾರ್ಮ್ ಇಟ್ಟು ಪೋಸ್ಟ್ ಮಾಡಬೇಕು, ಒಳಗೆ ಸಿಎಸ್‌ಆರ್‌ಎಫ್ ಟೋಕನ್ (ಫಾರ್ಮ್ ನಮ್ಮ ಸೈಟಿನದೇ ಅನ್ನೋ ಗುರುತು) ಮರೆತರೆ 403, ಅಂದರೆ ಅನುಮತಿ ಇಲ್ಲ ಅನ್ನೋ ಎರರ್. ನಾನು ಎರಡೂ ತಪ್ಪು ಮಾಡಿ, ಒಳಗೆ ಬಂದವರನ್ನು ಆಚೆ ಕಳಿಸಲಿಕ್ಕೇ ಒಂದು ಸಂಜೆ ಕಳೆದೆ.