ಐದು ಇಂಚಿನ ಮಾನಿಟರ್‌ಗೆ ಟಿಲ್ಟ್ ಮೌಂಟ್: ಹಾಟ್ ಶೂ ಮೇಲೆ ನಂಬಿ ಕೂರಿಸಬಹುದಾ?

ಧಾರೆ ಹೊತ್ತಿಗೆ ಮಂಟಪದ ಸುತ್ತ ಎಷ್ಟು ನೂಕಾಟ ಇರುತ್ತದೆ ಅಂತ ಮದುವೆ ವಿಡಿಯೊ ಮಾಡುವವರಿಗೆಲ್ಲ ಗೊತ್ತು. ಅಕ್ಷತೆ ಹಾಕಲು ಎಲ್ಲರೂ ಒಟ್ಟಿಗೆ ಮುಂದೆ ಬರುತ್ತಾರೆ, ಕ್ಯಾಮೆರಾ ಮೇಲೆ ಕೂರಿಸಿದ ಮಾನಿಟರ್‌ಗೆ, ಅಂದರೆ ಚಿತ್ರ ನೋಡುವ ಪುಟ್ಟ ಪರದೆಗೆ, ಯಾರದೋ ಮೊಣಕೈ ತಾಗುತ್ತದೆ. ನನ್ನ ನಿಕಾನ್ ಝಡ್6 II ಕ್ಯಾಮೆರಾ ಮೇಲೆ ಮೊದಲಿದ್ದ ಬಾಲ್ ಹೆಡ್ (ಗುಂಡು ಕೀಲಿನ ಮೌಂಟ್) ಅಂಥ ಹೊತ್ತಲ್ಲೇ ಹಾಟ್ ಶೂ, ಅಂದರೆ ಕ್ಯಾಮೆರಾ ತಲೆ ಮೇಲೆ ಫ್ಲ್ಯಾಶ್ ಕೂರಿಸುವ ಜಾಗದ ಒಳಗೆ ಅಲ್ಲಾಡುತ್ತಿತ್ತು. ಅದನ್ನು ತೆಗೆದು, ಮಾನಿಟರನ್ನು ಹಿಂದೆ ಮುಂದೆ ಬಾಗಿಸಬಹುದಾದ ಈ ಅಲ್ಯೂಮಿನಿಯಂ ಟಿಲ್ಟ್ ಮೌಂಟ್ ಹಾಕಿದೆ. ತುಂಬಾ ಇಷ್ಟವಾಗಿದೆ.

ಮುಖ್ಯವಾದದ್ದು ಇದರ ಕೆಳಗಿನ ಪ್ಲೇಟ್. ಬಿಗಿ ಮಾಡುವ ಚಕ್ರದ ಜೊತೆ ಸ್ಪ್ರಿಂಗ್ ಇರುವ ಸಣ್ಣ ಪಿನ್ ಇದೆ. ಶೂನಲ್ಲಿರುವ ತೂತಿಗೆ ಅದು ಕಟಕ್ ಅಂತ ಕೂತರೆ, ಚಕ್ರ ಸ್ವಲ್ಪ ಸಡಿಲವಾದರೂ ಮೌಂಟ್ ಹಿಂದಕ್ಕೆ ಜಾರಿ ಬೀಳುವುದಿಲ್ಲ. ನಿಮ್ಮ ಕ್ಯಾಮೆರಾದಲ್ಲಿ ಆ ತೂತು ಇದೆಯಾ ಅಂತ ಮೊದಲು ನೋಡಿಕೊಳ್ಳಿ, ಇಲ್ಲದಿದ್ದರೆ ಪಿನ್‌ನಿಂದ ಪ್ರಯೋಜನವಿಲ್ಲ. ಪ್ಲೇಟ್ ಅಡಿಗೆ ಪ್ಲಾಸ್ಟಿಕ್ ಇರುವುದೂ ಒಳ್ಳೆಯದೇ. ಫ್ಲ್ಯಾಶ್‌ಗೆ ಸಿಗ್ನಲ್ ಹೋಗುವುದು ಶೂ ನಡುವಿನ ಆ ಲೋಹದ ಚುಕ್ಕೆಗಳಿಂದ. ಬರಿ ಲೋಹ ಅವುಗಳ ಮೇಲೆ ದಿನಾ ಉಜ್ಜಬಾರದು.

ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಟಿಲ್ಟ್ ಕೀಲು. ಎಷ್ಟು ಬಿಗಿ ಇರಬೇಕು ಅಂತ ಅಲೆನ್ ಕೀಯಿಂದ ನಾವೇ ಹೊಂದಿಸಬಹುದು. ಸುಮಾರು ಜನ ಇದನ್ನು ಕಲ್ಲಿನ ಹಾಗೆ ಬಿಗಿ ಮಾಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಶೂ ಕ್ಯಾಮೆರಾಕ್ಕೆ ಅಂಟಿಕೊಂಡಿರುವುದು ಕೆಲವೇ ಪುಟ್ಟ ಸ್ಕ್ರೂಗಳಲ್ಲಿ. ಕೀಲು ಅಲ್ಲಾಡದಿದ್ದರೆ ಮೊಣಕೈ ಪೆಟ್ಟು ಪೂರ್ತಿ ಆ ಸ್ಕ್ರೂಗಳ ಮೇಲೆ ಬೀಳುತ್ತದೆ. ಮಾನಿಟರ್ ತನ್ನ ಭಾರಕ್ಕೆ ವಾಲಬಾರದು, ಆದರೆ ಬೆರಳಲ್ಲಿ ಒತ್ತಿದರೆ ಬಾಗಬೇಕು. ಅಷ್ಟಕ್ಕೆ ನಿಲ್ಲಿಸಿ. ಹಿಂದೆ ಮುಂದೆ ತಾಗಿದ ಪೆಟ್ಟನ್ನು ಆಗ ಕೀಲೇ ತಡೆದುಕೊಳ್ಳುತ್ತದೆ. ಪಕ್ಕದಿಂದ ಬಿದ್ದ ಪೆಟ್ಟಿಗೆ ಮಾತ್ರ ಇದರಲ್ಲಿ ಪರಿಹಾರವಿಲ್ಲ.

ಬ್ಯಾಟರಿ ವಿಷಯ. ಮಾನಿಟರ್ ಹಿಂದೆ ಎನ್‌ಪಿ-ಎಫ್550 ಅನ್ನುವ ಸಣ್ಣ ಬ್ಯಾಟರಿ ಹಾಕಿದರೆ ಸರಿ. ಅದೇ ಸರಣಿಯ ದೊಡ್ಡ ಎಫ್970 ಹಾಕಿದರೆ ಭಾರವೆಲ್ಲ ಹಿಂದಕ್ಕೆ ಎಳೆಯುತ್ತದೆ, ಕೀಲು ನಿಧಾನಕ್ಕೆ ಬಾಗುತ್ತದೆ. ಏಳು ಇಂಚಿನ ಮಾನಿಟರ್ ಇರುವವರು ಇದನ್ನು ಕೊಳ್ಳಲೇಬೇಡಿ. ಕೇಜ್ (ಕ್ಯಾಮೆರಾ ಸುತ್ತ ಕೂರುವ ಲೋಹದ ಚೌಕಟ್ಟು) ಹಾಕಿ, ಭಾರ ಅದರ ಮೇಲೆ ಬೀಳಲಿ.

ಈ ಮೌಂಟ್‌ಗೆ ಸಂಬಂಧವಿಲ್ಲ, ಆದರೂ ಹೇಳಿಬಿಡುತ್ತೇನೆ. ಅಪ್ಪನ ಕಾಲದ ಫ್ಲ್ಯಾಶ್ ಮನೆಯಲ್ಲಿದೆ ಅಂತ ಸುಮ್ನೆ ಡಿಜಿಟಲ್ ಕ್ಯಾಮೆರಾ ಮೇಲೆ ಕೂರಿಸಬೇಡಿ. ಕೆಲವು ಹಳೆಯ ಫ್ಲ್ಯಾಶ್‌ಗಳ ಟ್ರಿಗರ್ ವೋಲ್ಟೇಜ್, ಅಂದರೆ ಶೂ ಮೂಲಕ ಕ್ಯಾಮೆರಾಕ್ಕೆ ತಾಗುವ ವೋಲ್ಟೇಜ್, 200 ವೋಲ್ಟ್ ದಾಟುತ್ತದೆ. ಮಲ್ಟಿಮೀಟರ್ ಹಿಡಿದು ಅಳೆಯದೆ ಹಾಕಿದರೆ ಒಳಗಿನ ಸರ್ಕ್ಯೂಟ್ ಸುಟ್ಟುಹೋಗಬಹುದು.

ಇನ್ನೊಂದು ಕೊರತೆ: ಬಿಗಿ ಮಾಡುವ ಚಕ್ರ ತೀರಾ ತೆಳ್ಳಗಿದೆ, ಬೆವರು ಕೈಗೆ ಜಾರುತ್ತದೆ. ಛತ್ರದಲ್ಲಿ ಫ್ಯಾನ್ ಇಲ್ಲದ ಮೂಲೆಯಲ್ಲಿ ನಿಂತು ತಿರುಗಿಸುವುದು ಕಷ್ಟ. ಹಾಗಾಗಿ ಮನೆಯಲ್ಲೇ ಬಿಗಿ ಮಾಡಿಕೊಂಡು ಹೊರಡುತ್ತೇನೆ. ಅಲೆನ್ ಕೀ ಬಾಕ್ಸಲ್ಲೇ ಬರುತ್ತದೆ, ಬ್ಯಾಗಿನಲ್ಲಿ ಇಟ್ಟುಕೊಳ್ಳಿ.