ದಾವಣಗೆರೆಯಲ್ಲಿ ಮನೆ ಡೀಪ್ ಕ್ಲೀನಿಂಗ್: ಕೆಲಸಕ್ಕೆ ಐದು ಸ್ಟಾರ್, ಆಫೀಸಿಗೆ ಎರಡು

ಹಬ್ಬಕ್ಕೆ ಮುಂಚೆ ಮನೆ ತೊಳೆಸಿಕೊಡುವ ಕಂಪನಿಗಳು ಈಗ ನಮ್ಮೂರಿಗೂ ಬಂದಿವೆ. ವಿದ್ಯಾನಗರದ ನಮ್ಮ ಎರಡು ಬೆಡ್‌ರೂಮ್ ಮನೆಗೆ ಅಂಥದ್ದೊಂದನ್ನು ಕರೆಸಿದ್ದೆವು. ದರ 4,500 ರೂಪಾಯಿ, ಅರ್ಧ ಮುಂಗಡ. ಕಂಪನಿ ಹೆಸರು ಬರೆಯುವುದಿಲ್ಲ, ಯಾಕೆ ಅಂತ ಕೆಳಗೆ ಗೊತ್ತಾಗುತ್ತೆ.

ಕೆಲಸದ ಬಗ್ಗೆ ಎರಡು ಮಾತಿಲ್ಲ, ಚೆನ್ನಾಗಿದೆ. ಬಂದದ್ದು ಮೂವರು ಹೆಂಗಸರು, ಜೊತೆಗೆ ಒಬ್ಬ ಸೂಪರ್‌ವೈಸರ್ ಹುಡುಗ. ಆ ಹುಡುಗ ವ್ಯಾಕ್ಯೂಮ್ ಮಷಿನ್ ಇಳಿಸಿ, ಗಲೀಜಿನ ಫೋಟೊ ತೆಗೆದುಕೊಂಡು ಬೈಕ್ ಹತ್ತಿದವನು ಮತ್ತೆ ಕಂಡದ್ದು ಸಂಜೆಯೇ, ಅದೂ ಕ್ಲೀನ್ ಆದ ಫೋಟೊ ತೆಗೆಯೋಕೆ. ಜಾಹೀರಾತಿನ ತುಂಬಾ ಮಷಿನ್ ಚಿತ್ರ ಇದೆ, ನಮ್ಮನೆಯಲ್ಲಿ ಅದು ಓಡಿದ್ದು ಸೋಫಾ ಮೇಲೆ ಮಾತ್ರ. ಉಳಿದದ್ದೆಲ್ಲ ಕೈಯಲ್ಲೇ.

ಅಡುಗೆಮನೆ ಎಕ್ಸಾಸ್ಟ್ ಫ್ಯಾನ್ ಅಂತೂ ಒಗ್ಗರಣೆ ಜಿಡ್ಡು ಕೂತು ಕರ್ರಗಾಗಿತ್ತು. ಮೂವರಲ್ಲಿ ಹಿರಿಯಾಕೆ ಕಂಪನಿ ಕೊಟ್ಟ ಸ್ಪ್ರೇ ಪಕ್ಕಕ್ಕಿಟ್ಟು, “ಅಮ್ಮಾರೆ, ಬಿಸಿನೀರು, ಒಂಚೂರು ಸೋಡಾ ಪುಡಿ ಇದ್ರೆ ಕೊಡ್ರಿ” ಅಂದರು. ರೆಕ್ಕೆ ಪ್ಲಾಸ್ಟಿಕ್ಕಿನದಾ ಅಂತ ಮೊದಲು ಉಗುರಿನಲ್ಲಿ ಕೆರೆದು ನೋಡಿದರು. ಅಲ್ಯೂಮಿನಿಯಂ ಆಗಿದ್ದರೆ ಸೋಡಾಕ್ಕೆ ಕಪ್ಪಾಗುತ್ತಂತೆ. ಬಕೆಟ್‌ನಲ್ಲಿ ಅದನ್ನು ನೆನೆಹಾಕಿ, ಅಷ್ಟರಲ್ಲಿ ಮೇಲಿನ ಕಪಾಟೆಲ್ಲ ಒರೆಸಿ, ಆಮೇಲೆ ಹಳೇ ಟೂತ್‌ಬ್ರಷ್‌ನಲ್ಲಿ ಸಂದಿಗೊಂದಿ ತಿಕ್ಕಿದರು. ಬೋರ್ ನೀರಿಗೆ ನಲ್ಲಿಗಳ ಮೇಲೆ ಬಿಳೀ ಪದರ ಕಟ್ಟಿತ್ತಲ್ಲ, ಅದಕ್ಕೆ ಹುಣಸೆಹಣ್ಣು. ಈ ಲೆಕ್ಕದಲ್ಲಿ ಅರ್ಧ ಸಾಮಾನು ನಮ್ಮನೆಯದೇ ಆಯ್ತು ಅನ್ನಿ.

ಬಾತ್‌ರೂಮ್‌ಗೆ ಬಂದಾಗ ನನಗೆ ಸಿಟ್ಟು ಬಂತು. ಕಂಪನಿಯ ಬುಟ್ಟಿಯಲ್ಲಿ ಆಸಿಡ್ಡೂ ಬ್ಲೀಚಿಂಗ್ ಪೌಡರೂ ಅಕ್ಕಪಕ್ಕ. ಎರಡೂ ಸೇರಿದರೆ ಕ್ಲೋರಿನ್ ಗ್ಯಾಸ್ ಏಳುತ್ತೆ, ಕಿಟಕಿ ಚಿಕ್ಕದಿರುವ ಬಾತ್‌ರೂಮ್‌ನಲ್ಲಿ ಹುಡುಗಾಟ ಅಲ್ಲ ಅದು. ಇದನ್ನು ಯಾರೂ ಅವರಿಗೆ ಹೇಳಿಕೊಟ್ಟಿಲ್ಲ. ಮೂವರಿಗೂ ಸೇರಿ ಇದ್ದದ್ದು ಒಂದೇ ಜೊತೆ ಗ್ಲೌಸ್, ಅದರಲ್ಲೂ ಒಂದು ಬೆರಳು ಹರಿದಿತ್ತು. ಕಿರಿಯಾಕೆಯ ಬೆರಳ ಸಂದಿಯಲ್ಲಿ ಚರ್ಮ ಸುಲಿದು ಕೆಂಪಗಾಗಿತ್ತು. “ರಾತ್ರಿ ಕೊಬ್ರಿ ಎಣ್ಣಿ ಹಚ್ಕೊಂತೀನ್ರಿ, ರೊಟ್ಟಿ ತಟ್ಟುವಾಗ ಮಾತ್ರ ಉರೀತೈತಿ” ಅಂದಳು, ತಿಕ್ಕುತ್ತಲೇ.

ಮಧ್ಯಾಹ್ನ ಮಂಡಕ್ಕಿ, ಚಹಾ ಮುಂದಿಟ್ಟುಕೊಂಡು ಕೂತಾಗ ಮಾತು ದುಡ್ಡಿನ ಕಡೆ ಹೋಯಿತು. ಒಬ್ಬೊಬ್ಬರಿಗೆ ದಿನಕ್ಕೆ 450. ಅಂದರೆ ನಾವು ಕೊಟ್ಟ 4,500ರಲ್ಲಿ ಮೂವರ ಪಾಲು 1,350. ಅದೂ ಕೆಲಸ ಇದ್ದ ದಿನ ಮಾತ್ರ. ಶ್ರಾವಣದಿಂದ ದೀಪಾವಳಿ ತನಕ ಪುರುಸೊತ್ತಿಲ್ಲ, ಆಷಾಢದಲ್ಲಿ ಫೋನೇ ಬರಲ್ಲ. ಹಾಗಾಗಿ ಯಾರೂ ಬೆಳಗಿನ ಕಸಮುಸುರೆ ಮನೆಗಳನ್ನು ಬಿಟ್ಟಿಲ್ಲ, ಅದು ಮುಗಿಸಿಯೇ ಇಲ್ಲಿಗೆ ಬರುವುದು. ಒಬ್ಬರು ಹರಿಹರದವರು. 2023ರ ಜೂನ್‌ನಿಂದ ಸರ್ಕಾರಿ ಬಸ್ಸು ಫ್ರೀ ಆದ ಮೇಲೆ ದಾವಣಗೆರೆ ಕೆಲಸ ಗಿಟ್ಟುತ್ತಿದೆಯಂತೆ, ಪ್ರೈವೇಟ್ ಬಸ್ ಹತ್ತಿದರೆ ಮತ್ತೆ ಕೈಯಿಂದಲೇ ಹೋಗುತ್ತೆ ಅಂತ ಸಂಜೆ ಎಷ್ಟೊತ್ತಾದರೂ ಸರ್ಕಾರಿ ಬಸ್ಸಿಗೇ ಕಾಯುತ್ತಾರೆ. ಗೃಹಲಕ್ಷ್ಮಿಯ 2,000 ಬಂದರೆ ಅದು ಸೀದಾ ಸಂಘದ ಕಂತಿಗೆ.

ಆಫೀಸಿಗೆ ಫೋನ್ ಮಾಡಿ ಇವರಿಗೆ ಇಎಸ್‌ಐ, ಅಂದರೆ ಕೆಲಸಗಾರರ ಸರ್ಕಾರಿ ವಿಮೆ, ಇದೆಯಾ ಅಂತ ಕೇಳಿದೆ. “ಅವರು ಡೇಲಿ ಲೆಕ್ಕದೋರು ಮೇಡಂ, ಅದೆಲ್ಲ ಬರಲ್ಲ” ಅಂದರು. ಸುಳ್ಳು. ಹತ್ತು ಜನ ಕೆಲಸಕ್ಕಿದ್ದು ತಿಂಗಳ ಸಂಬಳ 21,000ದ ಒಳಗಿದ್ದರೆ ದಿನಗೂಲಿಯವರಿಗೂ ಇಎಸ್‌ಐ ಇದೆ. ಇಷ್ಟು ಮನೆ ತೊಳೆಯುವ ಕಂಪನಿಯಲ್ಲಿ ಹತ್ತು ಜನ ಇಲ್ಲ ಅಂದರೆ ನಾನಂತೂ ನಂಬಲ್ಲ. ಮನೆಗೆಲಸದವರಿಗೆ 2004ರಲ್ಲೇ ಕನಿಷ್ಠ ಕೂಲಿ ಗೊತ್ತುಮಾಡಿದ ರಾಜ್ಯ ನಮ್ಮದು, ಆದರೂ ಕೇಳುವವರಿಲ್ಲ ಅಂದರೆ ಹೀಗೆಯೇ.

ಇನ್ನು ಹೆಸರಿನ ವಿಷಯ. ಆ್ಯಪ್‌ನಲ್ಲಿ ನಾಲ್ಕಕ್ಕಿಂತ ಕಡಿಮೆ ಸ್ಟಾರ್ ಬಿದ್ದರೆ ಆ ದಿನದ ಕೂಲಿಯಲ್ಲಿ 50 ಕಡಿತ, ಹೊಣೆ ಯಾರದ್ದು ಅಂತ ನೋಡುವುದೇ ಇಲ್ಲ. ನಾನು ಆಫೀಸಿನ ಮೇಲಿನ ಸಿಟ್ಟು ಅಲ್ಲಿ ಹಾಕಿದರೆ ಅದು ತಾಗುವುದು ರೊಟ್ಟಿ ತಟ್ಟುವ ಕೈಗೇ ಅಲ್ವಾ? ಅದಕ್ಕೇ ಇಲ್ಲಿ ಹೆಸರು ಬರೆಯದೆ, ಆ್ಯಪ್‌ನಲ್ಲಿ ಐದು ಒತ್ತಿ, ಬೈಗುಳ ಫೋನಲ್ಲಿ ಮುಗಿಸಿದೆ.

ಕರೆಸುವವರು ಬುಕ್ ಮಾಡುವಾಗಲೇ ಎಷ್ಟು ಜನ ಬರ್ತಾರೋ ಅಷ್ಟು ಜೊತೆ ಗ್ಲೌಸ್ ಬೇಕು ಅಂತ ಹಟ ಹಿಡಿಯಿರಿ, ಆಸಿಡ್ ಬೇಡ ಅನ್ನಿ. ಸೋಡಾ ಪುಡಿ ತಂದಿಟ್ಟುಕೊಳ್ಳಿ. ಬಾಲ್ಕನಿ ಗ್ರಿಲ್‌ಗೆ ಬೇರೆ 400 ಕೇಳುತ್ತಾರೆ, ಅದರಲ್ಲಿ ಇವರಿಗೆ ಒಂದು ಪೈಸೆಯೂ ಇಲ್ಲವಂತೆ. ಅದನ್ನು ನಾವೇ ಭಾನುವಾರ ತೊಳೆದುಕೊಂಡೆವು.